ಸ್ಪೀಕರ್ ಕೆಳಗೆ ಸ್ಪೈಕ್ ಇರಲಾ, ಸ್ಪ್ರಿಂಗ್ ಹಾಕಲಾ?

ಬೇಸ್‌ಪ್ರಿಯ:

ನಮಸ್ಕಾರ ಎಲ್ಲರಿಗೂ. ಓದಿ ಓದಿ ತಲೆ ಕೆಟ್ಟುಹೋಗಿದೆ, ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ.

ನನ್ನದು ನೆಲದ ಮೇಲೆ ನಿಲ್ಲುವ ಉದ್ದನೆಯ ಸ್ಪೀಕರ್ ಜೋಡಿ. ಒಂದೊಂದು 24 ಕೆಜಿ. ಒಂದರಲ್ಲಿ ದಪ್ಪ ಸ್ವರ (ಬೇಸ್) ನುಡಿಸುವ ಆರೂವರೆ ಇಂಚಿನ ಎರಡು ವೂಫರ್, ಮೇಲೆ ಸಣ್ಣ ದನಿಗೆ ಒಂದು ಟ್ವೀಟರ್, ಗಾಳಿ ಆಡುವ ತೂತು (ಪೋರ್ಟ್) ಹಿಂದಕ್ಕಿದೆ. ಜೊತೆಗೆ ಬಂದ ಸ್ಪೈಕ್‌ಗಳ, ಅಂದರೆ ಚೂಪು ಲೋಹದ ಕಾಲುಗಳ ಮೇಲೇ ಇಷ್ಟು ದಿನ ನಿಂತಿವೆ. ನೆಲ ಕಾಂಕ್ರೀಟು, ಮೇಲೆ ಟೈಲ್ಸ್. ಟೈಲ್ಸ್ ಕೆಡಬಾರದು ಅಂತ ಸ್ಪೈಕ್ ಕೆಳಗೆ ಸಣ್ಣ ಲೋಹದ ಬಿಲ್ಲೆ ಇಟ್ಟಿದ್ದೇನೆ. ಕೋಣೆಯ ಉದ್ದ 3.8 ಮೀಟರ್, ಸ್ಪೀಕರ್ ಎರಡೂ ಚಿಕ್ಕ ಗೋಡೆಯ ಕಡೆ ಇವೆ.

ತೊಂದರೆ ಏನಂದರೆ, ಬೇಸ್ ಗಿಟಾರ್ ತೀರಾ ಕೆಳಗಿನ ಒಂದೆರಡು ಸ್ವರಕ್ಕೆ ಇಳಿದಾಗ ಕೋಣೆಯೆಲ್ಲ ಗುಂಯ್ ಅನ್ನುತ್ತದೆ. ಉಳಿದ ಸ್ವರಗಳು ಚೆನ್ನಾಗಿಯೇ ಇವೆ. ರಾತ್ರಿ ಹೊತ್ತು ಧಡ್ ಧಡ್ ಅಂತ ಕೇಳುತ್ತದೆ ಎಂದು ಕೆಳಗಿನ ಮನೆಯವರು ಬಂದು ಹೇಳಿ ಹೋಗಿದ್ದಾರೆ. ಅದೇ ಗೋಡೆಯ ಪಕ್ಕ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಬೇರೆ ಇದೆ, ಜೋರು ಮಾಡಿದರೆ ಅದರಲ್ಲೂ ಹೂಂ ಅಂತ ಶುರುವಾಗುತ್ತದೆ.

ಒಬ್ಬರು ಹೇಳುವುದು: ಸ್ಪೈಕ್ ಅಂದರೆ ಒನ್‌ವೇ, ಪೆಟ್ಟಿಗೆಯ ಅದುರಾಟ ನೆಲಕ್ಕೆ ಇಳಿದುಹೋಗುತ್ತದೆ, ವಾಪಸ್ ಬರುವುದಿಲ್ಲ. ಇನ್ನೊಬ್ಬರು ಹೇಳುವುದು: ಸ್ಪೈಕ್ ಕಿತ್ತು ಬಿಸಾಕಿ, ಸ್ಪ್ರಿಂಗ್ ಹಾಕಿ, ಸ್ಪೀಕರೇ ಹೊಸದಾದ ಹಾಗಿರುತ್ತದೆ. ಇಬ್ಬರ ದನಿಯೂ ಅಷ್ಟೇ ಗಟ್ಟಿ. ಯಾರ ಮಾತು ಕೇಳಲಿ?

ಅದುರುಪೆಟ್ಟಿಗೆ:

ನಿಮ್ಮದು ಮೂರು ಬೇರೆ ಬೇರೆ ತೊಂದರೆ ಸರ್. ಮೂರನ್ನೂ ಪಾಪ ಆ ಸ್ಪೈಕ್ ತಲೆಗೇ ಕಟ್ಟುತ್ತಿದ್ದೀರಿ.

ಮೊದಲು ಒನ್‌ವೇ ಕಥೆ ಮುಗಿಸೋಣ. ಲೋಹದ ಮೊನೆ ಗಟ್ಟಿಯಾಗಿ ಊರಿಕೊಂಡಿದೆ ಅಂದರೆ ಅದುರಾಟ ಆ ಕಡೆಗೂ ಹೋಗುತ್ತದೆ, ಈ ಕಡೆಗೂ ಬರುತ್ತದೆ. ಚೂಪಾಗಿದೆ ಅನ್ನುವ ಕಾರಣಕ್ಕೆ ಅದಕ್ಕೆ ದಿಕ್ಕು ಗೊತ್ತಾಗುವುದಿಲ್ಲ. ಸ್ಪೈಕ್ ಹುಟ್ಟಿದ್ದು ಬೇರೆ ಕೆಲಸಕ್ಕೆ. ದಪ್ಪ ಕಾರ್ಪೆಟ್ ಮೇಲೆ ಸ್ಪೀಕರ್ ಇಟ್ಟರೆ ತಳ ಮೆತ್ತಗೆ ಕೂತು ಪೆಟ್ಟಿಗೆ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಸ್ಪೈಕ್ ಆ ಕಾರ್ಪೆಟ್ಟನ್ನು ತೂರಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ, ಓಲಾಟ ನಿಲ್ಲುತ್ತದೆ. ನಿಮ್ಮ 24 ಕೆಜಿ ನಾಲ್ಕು ಕಾಲಿಗೆ ಹಂಚಿದರೆ ತಲಾ 6 ಕೆಜಿ. ಅದು ಒಂದು ಚದರ ಮಿಲಿಮೀಟರ್ ಮೊನೆಯ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ 600 ಕೆಜಿ ಲೆಕ್ಕವಾಯಿತು. ಬಿಲ್ಲೆ ಇಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಟೈಲ್ಸ್ ಮೇಲೆ, ಅದೂ ಬಿಲ್ಲೆಯ ಮೇಲೆ ನಿಂತ ಸ್ಪೈಕ್ ಮಾಡುತ್ತಿರುವುದು ಎತ್ತರ ಹೊಂದಿಸುವ ಸ್ಕ್ರೂ ಕೆಲಸ ಅಷ್ಟೇ. ಅದನ್ನೂ ಕಡೆಗಣಿಸಬೇಡಿ. ನಾಲ್ಕರಲ್ಲಿ ಒಂದು ಕಾಲು ನೆಲಕ್ಕೆ ತಾಕದೆ ನಿಂತಿದ್ದರೆ ಬೇಸ್ ಬಂದಾಗ ಅಲ್ಲೇ ಕಟಕಟ ಅನ್ನುತ್ತದೆ.

ಇನ್ನು ಪೆಟ್ಟಿಗೆ ಎಷ್ಟು ಅಲ್ಲಾಡುತ್ತದೆ ಅನ್ನುವುದು. ವೂಫರ್ ಕೋನ್ (ಹಿಂದೆ ಮುಂದೆ ಅಲ್ಲಾಡಿ ಗಾಳಿ ತಳ್ಳುವ ಭಾಗ) ಮುಂದಕ್ಕೆ ಹೋದರೆ ಪೆಟ್ಟಿಗೆ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ನ್ಯೂಟನ್ನಿನ ಮೂರನೇ ನಿಯಮ. ಒಂದು ಆರೂವರೆ ಇಂಚಿನ ವೂಫರ್‌ನಲ್ಲಿ ಅಲ್ಲಾಡುವ ಭಾಗದ ತೂಕ 25 ಗ್ರಾಂ ಅಂತಿಟ್ಟುಕೊಳ್ಳಿ, ಎರಡು ಸೇರಿ 50 ಗ್ರಾಂ. ಪೆಟ್ಟಿಗೆ 24,000 ಗ್ರಾಂ. ಅಂದರೆ 480 ಪಟ್ಟು ಭಾರ. ಕೋನ್ 3 ಮಿಲಿಮೀಟರ್ ಓಡಿದರೆ, ಏನೂ ಹಿಡಿದುಕೊಳ್ಳದೆ ತೇಲುತ್ತಿರುವ ಪೆಟ್ಟಿಗೆ ಓಡುವುದು ಬರೀ 6 ಮೈಕ್ರಾನ್. 40 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 40 ಸಲ ಅದುರುವಾಗ, ಇದರ ವೇಗ ಸೆಕೆಂಡಿಗೆ ಒಂದೂವರೆ ಮಿಲಿಮೀಟರ್. ಟ್ವೀಟರ್ ಅದೇ ಪೆಟ್ಟಿಗೆ ಮೇಲೆ ಕೂತು 5000 ಹರ್ಟ್ಸ್ ನುಡಿಸುತ್ತಿದ್ದರೆ ಸ್ವರ ಆಚೀಚೆ ಆಗುವುದು ಒಂದು ಹರ್ಟ್ಸ್‌ನ ನೂರರಲ್ಲಿ ಎರಡು ಪಾಲು. ಹಾಗಾಗಿ ಪೆಟ್ಟಿಗೆ ನೆಲಕ್ಕೆ ಬಿಗಿಯದಿದ್ದರೆ ಟ್ವೀಟರ್ ಮಸುಕಾಗುತ್ತದೆ ಅನ್ನುವುದು ಕೇಳಲು ಚೆಂದ, ಲೆಕ್ಕಕ್ಕೆ ನಿಲ್ಲುವುದಿಲ್ಲ.

ಸ್ಪ್ರಿಂಗ್ ವಿಷಯ. ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ಕುಗ್ಗುತ್ತದೋ ಅದರ ವರ್ಗಮೂಲದಿಂದ 15.8ನ್ನು ಭಾಗಿಸಿ. ಬಂದ ಸಂಖ್ಯೆ ಅದರ ಸ್ವಂತ ಕುಣಿತದ ಹರ್ಟ್ಸ್. 5 ಮಿಮೀ ಕುಗ್ಗಿದರೆ 7 ಹರ್ಟ್ಸ್. 10 ಮಿಮೀ ಕುಗ್ಗಿದರೆ 5. ಅರ್ಧ ಮಿಮೀ ಮಾತ್ರ ಕುಗ್ಗಿದರೆ 22. ಈ ಸಂಖ್ಯೆಯ 1.4 ಪಟ್ಟು ದಾಟಿದ ಮೇಲೆ ಮಾತ್ರ ಸ್ಪ್ರಿಂಗ್ ಅದುರಾಟ ತಡೆಯಲು ಶುರುಮಾಡುತ್ತದೆ. ಅದಕ್ಕಿಂತ ಕೆಳಗೆ ತಡೆಯುವುದಿಲ್ಲ, ಆ ಸಂಖ್ಯೆಯ ಹತ್ತಿರ ಹತ್ತಿರ ಅದುರಾಟ ಜಾಸ್ತಿಯೇ ಮಾಡುತ್ತದೆ. 7 ಹರ್ಟ್ಸ್ ಸ್ಪ್ರಿಂಗ್ ಮೇಲೆ 35 ಹರ್ಟ್ಸ್ ನುಡಿಸಿದರೆ ನೆಲಕ್ಕೆ ಇಳಿಯುವ ಬಲ ಸುಮಾರು 24ರಲ್ಲಿ ಒಂದು ಪಾಲು. ಬಹಳ ಒಳ್ಳೆಯದು. 22 ಹರ್ಟ್ಸ್ ಸ್ಪ್ರಿಂಗ್ ಹಾಕಿದರೆ ದುಡ್ಡು ಕೊಟ್ಟು ಹೊಸ ತೊಂದರೆ ತಂದ ಹಾಗೆ.

ನಿಮ್ಮ ಗುಂಯ್ ಮಾತ್ರ ಇದ್ಯಾವುದಕ್ಕೂ ಬಗ್ಗುವುದಿಲ್ಲ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಕೋಣೆಯ ಉದ್ದದ ಎರಡರಷ್ಟಕ್ಕೆ, ಅಂದರೆ 7.6ಕ್ಕೆ ಭಾಗಿಸಿ. 45 ಹರ್ಟ್ಸ್. ಬೇಸ್ ಗಿಟಾರಿನ ದಪ್ಪ ತಂತಿ ಬಿಟ್ಟು ಮೀಟಿದರೆ 41, ಅದರ ಮೇಲಿನ ಎರಡು ಮನೆ 44 ಮತ್ತು 46. ನೀವು ಹೇಳಿದ ಒಂದೆರಡು ಸ್ವರ ಸರಿಯಾಗಿ ಅಲ್ಲೇ ಬಂದು ಕೂತಿವೆ ನೋಡಿ. ಅದು ಗೋಡೆಯಿಂದ ಗೋಡೆಗೆ ಗಾಳಿ ಜೀಕುವ ಆಟ. ಸ್ಪೀಕರನ್ನೋ ನಿಮ್ಮ ಕುರ್ಚಿಯನ್ನೋ ಸರಿಸಿ, ಇಲ್ಲದಿದ್ದರೆ ಈಕ್ಯೂನಲ್ಲಿ (ಬೇರೆ ಬೇರೆ ಸ್ವರಗಳ ಜೋರನ್ನು ಹೆಚ್ಚು ಕಮ್ಮಿ ಮಾಡುವ ಸೆಟ್ಟಿಂಗ್) ಆ ಒಂದು ಜಾಗ ಕತ್ತರಿಸಿ. ಹಿಂಗೋಡೆಗೆ ಅಂಟಿಕೊಂಡು ಕೂತಿದ್ದರೆ ಮೊದಲು ಅಲ್ಲಿಂದ ಎದ್ದು ಮುಂದೆ ಬನ್ನಿ, ಆ 45 ಹರ್ಟ್ಸ್ ಗೋಡೆಯ ಬುಡದಲ್ಲೇ ಅತಿ ಜೋರು.

ಮೂರನೇಕಿವಿ:

ಮೇಲಿನವರ ಲೆಕ್ಕಕ್ಕೆ ನನ್ನ ತಕರಾರಿಲ್ಲ, ಆದರೆ ಅದು ಕಾಂಕ್ರೀಟ್ ನೆಲದವರಿಗೆ ಸರಿ. ಮರದ ಹಲಗೆಯ ನೆಲ ಇರುವವರು ಇದನ್ನು ಓದಿ ಸ್ಪ್ರಿಂಗ್ ದಂಡ ಅಂದುಕೊಂಡುಬಿಡುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ತೊಲೆಗಳ ಮೇಲೆ ಹಲಗೆ ಹೊಡೆದ ನೆಲ, ಕೆಳಗೆ ಟೊಳ್ಳು. ಅದು ತಮಟೆಯ ಚರ್ಮ ಇದ್ದ ಹಾಗೆ. ಅದರ ಮೇಲೆ ಸ್ಪೈಕ್ ಊರಿ ಸ್ಪೀಕರ್ ನಿಲ್ಲಿಸಿದರೆ ನೀವು ಕೇಳುವುದು ಸ್ಪೀಕರನ್ನೂ ಹೌದು, ನೆಲವನ್ನೂ ಹೌದು. ನನ್ನ ಹಳೆಯ ಕೋಣೆ ಹಾಗಿತ್ತು. ಕೂತ ಕುರ್ಚಿಯ ಕೈಗೆ ಬೇಸ್ ತಾಕುತ್ತಿತ್ತು, ಕಾಲಿನಡಿ ಜುಮ್ ಅನ್ನುತ್ತಿತ್ತು. ನಾನು ಅದನ್ನು ಒಳ್ಳೆಯ ಬೇಸ್ ಅಂತಲೇ ತಿಳಿದು ಖುಷಿಪಡುತ್ತಿದ್ದೆ! ಸ್ಪ್ರಿಂಗ್ ಹಾಕಿದ ಮೇಲೆ ಮೊದಲು ಅನಿಸಿದ್ದು ಬೇಸ್ ಕಮ್ಮಿಯಾಯಿತು ಅಂತ. ಸ್ವಲ್ಪ ಹೊತ್ತು ಕೇಳಿದ ಮೇಲೆ ಬೇಸ್ ಗಿಟಾರಿನ ಒಂದು ಸ್ವರ ಎಲ್ಲಿ ನಿಂತಿತು, ಮುಂದಿನದು ಎಲ್ಲಿ ಶುರುವಾಯಿತು ಅನ್ನುವುದು ಬಿಡಿಬಿಡಿಯಾಗಿ ಗೊತ್ತಾಯಿತು. ಆ ನೆಲಕ್ಕೆ ನಾನು ಸ್ಪೈಕ್ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಮಾತು. ಸ್ಪ್ರಿಂಗ್ ಪಾದ ಹಾಕಿದರೆ ಸ್ಪೀಕರ್ ಎರಡು ಮೂರು ಸೆಂಟಿಮೀಟರ್ ಮೇಲೇಳುವುದು ಮಾಮೂಲಿ. ಟ್ವೀಟರ್ ಕಿವಿಗೆ ಬೇರೆ ಕೋನದಲ್ಲಿ ಬೀಳುತ್ತದೆ, ವೂಫರ್ ನೆಲದಿಂದ ದೂರವಾಗುತ್ತದೆ. ಮುಂದಿನ ಸ್ಪೈಕ್ ಸ್ವಲ್ಪ ಎತ್ತರ ಮಾಡಿ ಹಿಂದಕ್ಕೆ ವಾಲಿಸಿದ್ದರೆ ಆ ವಾಲೂ ಹೋಗುತ್ತದೆ. ಆಮೇಲೆ ಕೇಳಿ "ಅಬ್ಬಾ ಸ್ಪ್ರಿಂಗ್ ಏನು ಮಾಡಿತು" ಅಂತ ಬರೆಯುವವರು ಬಹಳ ಮಂದಿ. ಹೋಲಿಸುವುದಾದರೆ ಎತ್ತರ ಒಂದೇ ಇರಲಿ, ಟೇಪ್ ಅಂಟಿಸಿ ಜಾಗ ಗುರುತು ಮಾಡಿ. ಪಾದ ಬದಲಾಯಿಸಿ ಮುಗಿಸುವಷ್ಟರಲ್ಲಿ ಮೊದಲಿನ ಸೌಂಡ್ ಹೇಗಿತ್ತು ಅನ್ನುವುದು ಕಿವಿಗೆ ಮರೆತಿರುತ್ತದೆ, ಅದಕ್ಕೆ ಅಳತೆಯ ಮೈಕ್ ಇಟ್ಟು, ಕೋಣೆಯ ಸೌಂಡ್ ಅಳೆಯುವ ಆರ್‌ಇಡಬ್ಲ್ಯು ಸಾಫ್ಟ್‌ವೇರಿನಲ್ಲಿ ಎರಡೂ ಸಲ ಅಳೆದುಕೊಳ್ಳಿ. ಆ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ನಟ್ಟುಬೋಲ್ಟು:

ಸೌಂಡ್ ವಿಷಯ ಮೇಲಿನ ಇಬ್ಬರು ನೋಡಿಕೊಳ್ಳಲಿ. ನಾನು ಬಿದ್ದುಹೋಗುವ ವಿಷಯ ಹೇಳುತ್ತೇನೆ, ಅದನ್ನು ಯಾರೂ ಹೇಳುವುದಿಲ್ಲ.

ಉದ್ದ ಸ್ಪೀಕರ್, ಕಿರಿದಾದ ತಳ, ಕೆಳಗೆ ಮೆತ್ತನೆಯ ಸ್ಪ್ರಿಂಗ್. ಮಕ್ಕಳು ಓಡಾಡುವ ಮನೆಯಾದರೆ ಎರಡು ಸಲ ಯೋಚಿಸಿ. ಸ್ಪ್ರಿಂಗ್ ಮೆತ್ತಗಾದಷ್ಟೂ ತಡೆಯುವುದು ಚೆನ್ನ, ವಾಲುವುದೂ ಅಷ್ಟೇ ಸಲೀಸು. ಪೆಟ್ಟಿಗೆಯ ಅಂಚಿನಿಂದ ಹೊರಗೆ ಚಾಚುವ ಕಬ್ಬಿಣದ ಪಟ್ಟಿ ಹಾಕಿ, ಅದರ ತುದಿಗೆ ಸ್ಪ್ರಿಂಗ್ ಕೂರಿಸಿ. ಇಲ್ಲವಾದರೆ ಸ್ಪೀಕರ್ ಕೆಳಗೆ ಅಗಲವಾದ ದಪ್ಪ ಪ್ಲೈವುಡ್ ಇಟ್ಟು ಅದರ ನಾಲ್ಕು ಮೂಲೆಗೆ ಸ್ಪ್ರಿಂಗ್ ಇಡಿ.

ಆಮೇಲೆ, ನಾಲ್ಕು ಕಾಲಿಗೂ ಸಮ ಭಾರ ಬೀಳುತ್ತದೆ ಅಂತ ತಿಳಿಯಬೇಡಿ. ವೂಫರಿನ ಮ್ಯಾಗ್ನೆಟ್ ಎಲ್ಲ ಮುಂದಿನ ಹಲಗೆಗೇ ಕೂತಿರುತ್ತದೆ, ಹಾಗಾಗಿ ಮುಂದಿನ ಎರಡು ಕಾಲಿಗೆ ಭಾರ ಜಾಸ್ತಿ. ಒಂದೇ ಥರದ ಸ್ಪ್ರಿಂಗ್ ನಾಲ್ಕೂ ಕಡೆ ಹಾಕಿದರೆ ಮೂತಿ ಕೆಳಗೆ ಹಾಕಿ ನಿಲ್ಲುತ್ತದೆ. ಮುಂದೆ ಸ್ವಲ್ಪ ಬಿಗಿ ಸ್ಪ್ರಿಂಗ್ ಹಾಕಿ, ತಲೆಯ ಮೇಲೆ ರಸಮಟ್ಟ ಇಟ್ಟು ನೋಡಿ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಕೂತಿದ್ದರೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ತುಂಡು.

ತಳದಲ್ಲಿರುವ ತೂತಿನ ಮರೆ (ಬೋಲ್ಟ್ ತಿರುಗಿ ಕೂರುವ ಥ್ರೆಡ್) ನೋಡಿಕೊಳ್ಳಿ. ಕೆಲವದರಲ್ಲಿ ಎಂ6 (6 ಮಿಮೀ), ಕೆಲವದರಲ್ಲಿ ಎಂ8 (8 ಮಿಮೀ), ಕೆಲವದರಲ್ಲಿ ಕಾಲಿಂಚಿನ ಮರೆ. ಎಂ6 ಬೋಲ್ಟ್ ಕಾಲಿಂಚಿನ ತೂತಿಗೆ ಸಡಿಲವಾಗಿ ಇಳಿದುಬಿಡುತ್ತದೆ, ಹಿಡಿಯಿತು ಅನಿಸುತ್ತದೆ, ಎತ್ತಿದಾಗ ಕಳಚಿ ಬರುತ್ತದೆ. ಕೈಯಲ್ಲೇ ಪೂರ್ತಿ ತಿರುಗಬೇಕು, ಆದರೆ ಲೊಡಲೊಡ ಅನ್ನಬಾರದು. ಸ್ಪೀಕರನ್ನು ಮಗ್ಗುಲಿಗೆ ಮಲಗಿಸುವಾಗ ಇಬ್ಬರಿರಿ, ಕೋನ್ ಮೇಲೆ ಕೈ ಹೋಗದ ಹಾಗೆ.

ಬೇಸ್‌ಪ್ರಿಯ:

ಎಲ್ಲರಿಗೂ ದೊಡ್ಡ ನಮಸ್ಕಾರ. ಕುರ್ಚಿ ಹಿಂಗೋಡೆಗೇ ಅಂಟಿಕೊಂಡಿತ್ತು, ಮುಂದೆ ಎಳೆದುಕೊಂಡೆ. ಗುಂಯ್ ಅರ್ಧಕ್ಕರ್ಧ ಕಮ್ಮಿ. ಒಂದು ಪೈಸೆ ಖರ್ಚಿಲ್ಲದೆ!

ಅಷ್ಟಕ್ಕೇ ಸುಮ್ನೆ ಇರಲಾಗದೆ ಸ್ಪ್ರಿಂಗ್ ಪಾದವನ್ನೂ ತರಿಸಿದೆ. ಅಲ್ಯೂಮಿನಿಯಂ ಬಿಲ್ಲೆಗಳ ನಡುವೆ ಏಳು ಸಣ್ಣ ಸ್ಪ್ರಿಂಗ್ ಕೂತಿರುವ ಥರದ್ದು. ಸ್ಕೇಲ್ ಹಿಡಿದು ನೋಡಿದರೆ ಸ್ಪೀಕರ್ ಇಟ್ಟ ಮೇಲೆ ಸರಾಸರಿ ಒಂದೇ ಮಿಲಿಮೀಟರ್ ಕುಗ್ಗಿದೆ. ನಿಮ್ಮ ಲೆಕ್ಕದಲ್ಲಿ 16 ಹರ್ಟ್ಸ್ ಆಯಿತು ಅಲ್ವಾ? ಫೋನಿನಲ್ಲಿ ಅದುರಾಟ ಅಳೆಯುವ ಫೈಫಾಕ್ಸ್ ಆ್ಯಪ್ ಹಾಕಿಕೊಂಡು, ಫೋನನ್ನು ಸ್ಪೀಕರ್ ಪಕ್ಕ ಟೈಲ್ಸ್ ಮೇಲೆ ಮಲಗಿಸಿ 40 ಹರ್ಟ್ಸ್ ನುಡಿಸಿದೆ. ಗ್ರಾಫಿನಲ್ಲಿ 40ರ ಜಾಗದಲ್ಲಿ ಗೆರೆ ಏಳುತ್ತದೆ. ಸ್ಪೈಕ್ ಇದ್ದಾಗಲೂ ಎದ್ದಿತ್ತು, ಈಗ ಸ್ವಲ್ಪ ಗಿಡ್ಡ, ಆದರೆ ಮಾಯವಾಗಿಲ್ಲ. ಕೆಳಗಿನ ಮನೆಯವರನ್ನು ಕೇಳಿದೆ, ಅವರಿಗೆ ಏನೂ ವ್ಯತ್ಯಾಸ ಇಲ್ಲವಂತೆ. ಈಗ ಏನು ಮಾಡಲಿ?

ಅದುರುಪೆಟ್ಟಿಗೆ:

ಅಳೆದಿದ್ದು ಬಹಳ ಒಳ್ಳೆಯದಾಯಿತು. ಅಂದಹಾಗೆ ಫೋನಿನ ಸೆನ್ಸರ್ ಸೆಕೆಂಡಿಗೆ 200 ಸಲ ಓದುತ್ತಿದ್ದರೆ 100 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು, ಬೇಸ್ ನೋಡಲು ಅಷ್ಟು ಸಾಕು.

ಆ ಪಾದದ ಸ್ಪ್ರಿಂಗ್‌ಗಳನ್ನು ಕೈಯಲ್ಲೇ ಕಿತ್ತು ತೆಗೆಯಬಹುದು, ಅದಕ್ಕೇ ಹಾಗೆ ಬಿಡಿಬಿಡಿಯಾಗಿ ಮಾಡಿರುವುದು. ಏಳೂ ಬಿಟ್ಟು ಕೂರಿಸಿದರೆ ನಿಮ್ಮ ಭಾರಕ್ಕೆ ಬಿಗಿ ಜಾಸ್ತಿ. ಮೂರು ಉಳಿಸಿ, ತ್ರಿಕೋನದಲ್ಲಿ ಇಡಿ. ಆಗ 2.3 ಮಿಮೀ ಹತ್ತಿರ ಕುಗ್ಗಬೇಕು, 10 ಹರ್ಟ್ಸ್ ಆಸುಪಾಸು ಬರುತ್ತದೆ. 16 ಇದ್ದಾಗ 40 ಹರ್ಟ್ಸ್‌ನಲ್ಲಿ ಐದರಲ್ಲೊಂದು ಪಾಲು ದಾಟುತ್ತಿತ್ತು, 10ಕ್ಕೆ ಇಳಿದರೆ ಹದಿನೈದರಲ್ಲೊಂದು. ಎರಡೇ ಸ್ಪ್ರಿಂಗ್ ಉಳಿಸಿದರೆ ಇನ್ನೂ ಕೆಳಗಿಳಿಯಬಹುದು, ಆದರೆ ಪಾದವೇ ಓರೆಯಾಗುತ್ತದೆ, ಬೇಡ. ಭಾರ ಜಾಸ್ತಿ ಇರುವ ಮುಂದಿನ ಎರಡಕ್ಕೆ ನಾಲ್ಕು, ಹಿಂದಿನದಕ್ಕೆ ಮೂರು ಹಾಕಿ ನೋಡಿ.

ಈಗ ಗೆರೆಯ ಮಾತು. ಸ್ಪ್ರಿಂಗ್ ಹಾಕಿದರೂ ಟೈಲ್ಸ್ ಅದುರುತ್ತಿದೆ ಅಂದರೆ ಅದರಲ್ಲಿ ಒಂದು ಪಾಲು ಪಾದದಿಂದ ಬಂದದ್ದೇ ಅಲ್ಲ. ಕೋಣೆಯ ಗಾಳಿ ನೆಲವನ್ನು ನೇರವಾಗಿ ಒತ್ತುತ್ತಿದೆ. ಇಡೀ ಸ್ಲ್ಯಾಬ್, ನಾಲ್ಕು ಗೋಡೆ, ಎಲ್ಲದರ ಮೇಲೂ ಬೇಸ್ ಒತ್ತಡ ಬೀಳುತ್ತದೆ, ಅದರ ಮುಂದೆ ನಾಲ್ಕು ಕಾಲಿನ ಪಾಲು ಎಷ್ಟು ಅನ್ನುವುದೇ ಪ್ರಶ್ನೆ. ಪರೀಕ್ಷೆ ಮಾಡಲು ಒಂದು ಹಳೆಯ ಉಪಾಯ ಇದೆ. ಚಿಕ್ಕ ಸೈಕಲ್ ಟ್ಯೂಬ್ ಅರ್ಧ ಗಾಳಿ ತುಂಬಿ ನೆಲಕ್ಕೆ ಹಾಕಿ, ಮೇಲೆ ಪ್ಲೈವುಡ್, ಅದರ ಮೇಲೆ ಸ್ಪೀಕರ್. ಕೈ ಬಿಡಬೇಡಿ, ಒಬ್ಬರು ಹಿಡಿದುಕೊಂಡೇ ಇರಿ. ಟ್ಯೂಬ್ ಮೆತ್ತಗಿದ್ದರೆ ಆ ಸ್ಪ್ರಿಂಗ್ ಪಾದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆಗಲೂ ಕೆಳಗಿನವರಿಗೆ ಅಷ್ಟೇ ಕೇಳಿದರೆ ಬೇಸ್ ಹೋಗುತ್ತಿರುವುದು ಗಾಳಿಯ ದಾರಿಯಲ್ಲಿ, ಯಾವ ಪಾದ ತಂದರೂ ಅದನ್ನು ನಿಲ್ಲಿಸಲಾಗದು.

ಟರ್ನ್‌ಟೇಬಲ್ಲನ್ನು ಬೇರೆ ಗೋಡೆಗೆ ಕಳಿಸಿ. ಗೋಡೆಗೆ ಬಿಗಿದ ಶೆಲ್ಫ್ ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ಅದರ ಕೆಳಗೆ ಸಿಕ್ಕ ಸ್ಪ್ರಿಂಗ್ ತುರುಕಬೇಡಿ. ಟೋನ್‌ಆರ್ಮ್ (ಮುಳ್ಳು ಹೊತ್ತ ತೋಳು) ಮತ್ತು ಕಾರ್ಟ್ರಿಜ್ (ಅದರ ತುದಿಯಲ್ಲಿ ಮುಳ್ಳು ಕೂತಿರುವ ತುಂಡು) ಜೋಡಿಗೆ ತನ್ನದೇ ಒಂದು ಕುಣಿತ ಇರುತ್ತದೆ, ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ಒಳಗೆ. ನಿಮ್ಮ ಸ್ಪ್ರಿಂಗ್ ಕೂಡ ಅದೇ ಜಾಗದಲ್ಲಿ ಕುಣಿದರೆ ನೀವು ನಡೆದಾಡಿದಾಗಲೆಲ್ಲ ಮುಳ್ಳು ಹಾರುತ್ತದೆ.

ಬೇಸ್‌ಪ್ರಿಯ:

ಟ್ಯೂಬ್ ಪರೀಕ್ಷೆ ಆಯಿತು. ಅಳಿಯ ಸ್ಪೀಕರ್ ತಬ್ಬಿಕೊಂಡು ನಿಂತಿದ್ದ, ನಾನು ಕೆಳಗಿನ ಮನೆಯಲ್ಲಿ ಕೂತು ಕೇಳಿದೆ. ಡ್ರಮ್ಮಿನ ಪೆಟ್ಟಿನ ತುದಿಯಲ್ಲಿ ಬರುತ್ತಿದ್ದ ಠಕ್ ಅನ್ನುವುದು ಹೋಗಿದೆ. ಆದರೆ ಆ ದಪ್ಪ ಧಡ್ ಹಾಗೇ ಇದೆ. ಅವರ ಸೋಫಾದಲ್ಲಿ ಕೂತರೆ ಮೇಲೆ ಯಾವ ಹಾಡು ಅಂತ ಹೇಳಬಹುದು, ನಿಜವಾಗಿಯೂ ನಾಚಿಕೆಯಾಯಿತು. ರಾತ್ರಿ ಒಂಬತ್ತಾದ ಮೇಲೆ 80 ಹರ್ಟ್ಸ್ ಕೆಳಗಿನದನ್ನು ಕಮ್ಮಿ ಮಾಡುವ ಒಂದು ಸೆಟ್ಟಿಂಗ್ ಆಂಪ್ಲಿಫೈಯರಿನಲ್ಲಿ ಉಳಿಸಿಟ್ಟುಕೊಂಡೆ. ಸ್ಪ್ರಿಂಗ್ ನಾಲ್ಕು-ಮೂರು ಮಾಡಿ ಹಾಗೇ ಬಿಟ್ಟಿದ್ದೇನೆ, ಸ್ಪೈಕ್‌ಗಳನ್ನು ಡಬ್ಬಕ್ಕೆ ಹಾಕಿದೆ. ಕೋಣೆಯಲ್ಲಿ ಕೂತು ಕೇಳುವಾಗ ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ ಅಂತ ನಾನು ಪ್ರಮಾಣ ಮಾಡಲಾರೆ. ಮೈಕಿನಲ್ಲಿ ಅಳೆದ ಎರಡು ಗೆರೆಯೂ ಒಂದರ ಮೇಲೊಂದು ಕೂರುತ್ತವೆ.

ಮೂರನೇಕಿವಿ:

ಕಾಂಕ್ರೀಟಿನಲ್ಲಿ ಅಷ್ಟೇ. ನಾನಾದರೆ ಟೈಲ್ಸ್ ಉಳಿಯಿತು ಅನ್ನುವುದಕ್ಕಾದರೂ ಸ್ಪ್ರಿಂಗೇ ಇಟ್ಟುಕೊಳ್ಳುತ್ತೇನೆ.

ಪುಟಾಣಿಸೌಂಡು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 5 ಕೆಜಿಯ ಚಿಕ್ಕ ಸ್ಪೀಕರ್, ಕಂಪ್ಯೂಟರ್ ಮೇಜಿನ ಮೇಲೆ. ಈ ಸ್ಪ್ರಿಂಗ್ ಪಾದ ನನಗೂ ಬೇಕಾ? ರಬ್ಬರ್ ತುಂಡು ಸಾಕಾ?

ಅದುರುಪೆಟ್ಟಿಗೆ:

ನಿಮಗೆ ಇವರಿಗಿಂತ ಜಾಸ್ತಿ ಉಪಯೋಗ ಆಗಬಹುದು! ಮೇಜಿನ ಹಲಗೆ ತೆಳು, ಅಗಲ, ಕಾಲುಗಳ ಮಧ್ಯೆ ಏನೂ ಆಸರೆ ಇಲ್ಲ. 100ರಿಂದ 200 ಹರ್ಟ್ಸ್ ಸುತ್ತ ಅದು ತಾನೂ ಹಾಡುತ್ತದೆ, ಗಂಡಸಿನ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಅಷ್ಟು ಮೇಲಿನ ಅದುರಾಟ ತಡೆಯಲು 7 ಹರ್ಟ್ಸ್ ಸ್ಪ್ರಿಂಗ್ ಏನೂ ಬೇಡ, 20-30 ಹರ್ಟ್ಸ್ ಇದ್ದರೂ ನಡೆಯುತ್ತದೆ. ಮೆತ್ತನೆಯ ಫೋಮ್ ಸಾಕು. ರಬ್ಬರ್ ಆದರೆ ನಾಲ್ಕು ಚಿಕ್ಕ ತುಂಡು ಇಡಿ, ಅಗಲವಾದ ಶೀಟ್ ಹಾಸಿದರೆ 5 ಕೆಜಿಗೆ ಅದು ಕುಗ್ಗುವುದೇ ಇಲ್ಲ. ರಬ್ಬರಿಗೆ ಆ ಮಿಲಿಮೀಟರ್ ಲೆಕ್ಕವನ್ನು ಹಾಗೇ ಹಾಕಬೇಡಿ, ಅದುರುವಾಗ ಅದು ಸುಮ್ಮನೆ ಭಾರ ಹೊತ್ತಾಗಿನದಕ್ಕಿಂತ ಬಿಗಿಯಾಗಿ ನಡೆದುಕೊಳ್ಳುತ್ತದೆ, ನಿಜವಾದ ಹರ್ಟ್ಸ್ ಲೆಕ್ಕಕ್ಕಿಂತ ಮೇಲೇ ಇರುತ್ತದೆ.

ಮೊದಲು ಅಂಗೈ ಮೇಜಿನ ಮೇಲಿಟ್ಟು ಯಾರದಾದರೂ ಮಾತು ಹಾಕಿ ಕೇಳಿ. ಮೇಜು ಕೈಗೆ ತಾಕುತ್ತಿದ್ದರೆ ಫೋಮ್ ತನ್ನಿ. ತಂದಾಗ ಮುಂಭಾಗ ಸ್ವಲ್ಪ ಎತ್ತರ ಇರುವ ಓರೆ ಫೋಮ್ ತನ್ನಿ, ಟ್ವೀಟರ್ ಎದೆಗೆ ಬದಲು ಕಿವಿಗೆ ನೇರ ಬರುತ್ತದೆ.